ಹಬ್ಬದ ಅಡಿಗೆ, ವಾರದ ಅಡಿಗೆ: ಸ್ಕ್ಯಾಂಡಿನೇವಿಯದ ಮನೆಗಳಿಂದ ಕಲಿಯತಕ್ಕದ್ದು

ಸ್ವೀಡನ್ ದೇಶದ ಐಕಿಯ ಸಂಸ್ಥೆಯ ವಿಶಾಲವಾದ ಮಳಿಗೆಗಳು 2018ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿಯೂ 2020ರ ಡಿಸೆಂಬರಿನಲ್ಲಿ ನವಿಮುಂಬಯಿಯಲ್ಲಿಯೂ 2022ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ತೆರೆದುಕೊಂಡವು. ಮೇಜು ಕುರ್ಚಿ ಕಪಾಟುಗಳನ್ನು ನೋಡಲೆಂದು ಭಾನುವಾರ ಅಲ್ಲಿಗೆ ಹೋದ ಅನೇಕ ಕುಟುಂಬಗಳು ಅಲ್ಲಿನ ಭೋಜನಶಾಲೆಯಲ್ಲಿ ಕುಳಿತು ಸ್ವೀಡನ್ನಿನ ಅಡಿಗೆಯೆಂಬುದನ್ನು ಮೊದಲ ಬಾರಿಗೆ ರುಚಿ ನೋಡಿದುವು. ಭಾರತದ ಮಳಿಗೆಗಳಲ್ಲಿ ಕೋಳಿಮಾಂಸದ ಉಂಡೆಗಳೂ ತರಕಾರಿಯ ಉಂಡೆಗಳೂ ದೊರೆಯುತ್ತವೆ. ಜೊತೆಗೆ ದಾಲ್ಚಿನ್ನಿಯ ಬನ್ನು ಉಂಟು. ಈ ಉಂಡೆಯೂ ಈ ಬನ್ನೂ ಸೇರಿ ಸ್ಕ್ಯಾಂಡಿನೇವಿಯದ ಅಡಿಗೆಯೆಂದರೆ ಇಷ್ಟೇ ಎಂಬ ಅಭಿಪ್ರಾಯವನ್ನು ಮಹಾನಗರದ ಜನರಲ್ಲಿ ಬೇರೂರಿಸಿವೆ. ಇದನ್ನು ಮನೆಯಲ್ಲಿಯೇ ಮಾಡಿದರೆ ಹೇಗೆ ಎಂದು ಕೇಳುವ ಗೃಹಿಣಿಯರೂ, ಉತ್ತರ ಯೂರೋಪಿನವರ ಆಹಾರ ಹೃದಯಕ್ಕೆ ಹಿತವಂತೆ ಎಂದು ಅರ್ಧ ಓದಿ ಅರ್ಧ ಕೇಳಿ ನಂಬಿರುವ ಗೃಹಸ್ಥರೂ ಈಗ ಕಡಮೆಯಿಲ್ಲ.

ಈ ಎರಡು ಪ್ರಶ್ನೆಗಳಿಗೂ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಏಕೆಂದರೆ ಸ್ಕ್ಯಾಂಡಿನೇವಿಯದಲ್ಲಿ ಇರುವುದು ಒಂದು ಅಡಿಗೆಯಲ್ಲ, ಎರಡು. ಒಂದು ಹಬ್ಬದ ಅಡಿಗೆ. ಇನ್ನೊಂದು ವಾರದ ಅಡಿಗೆ. ಬೆಣ್ಣೆ, ಕೆನೆ, ಸಕ್ಕರೆ, ಗೋಧಿ, ಅಕ್ಕಿ, ಮಾಂಸ ಇವೆಲ್ಲ ಮೊದಲನೆಯದಕ್ಕೆ ಸೇರಿದವು. ರೈ ಧಾನ್ಯ, ಜವೆಗೋಧಿ, ಓಟ್ಸ್, ಒಣಬಟಾಣಿ, ಕೋಸು, ಆಲೂಗೆಡ್ಡೆ, ಅಗ್ಗದ ಮೀನು ಇವು ಎರಡನೆಯದಕ್ಕೆ. ಪ್ರಪಂಚಕ್ಕೆ ಪ್ರಸಿದ್ಧವಾದದ್ದು ಮೊದಲನೆಯದು. ಜನರನ್ನು ಶತಮಾನಗಳ ಕಾಲ ಸಾಕಿದ್ದು ಎರಡನೆಯದು. ಆರೋಗ್ಯದ ದೃಷ್ಟಿಯಿಂದ ಮನೆಗೆ ತಂದುಕೊಳ್ಳಬೇಕಾದದ್ದು ಎರಡನೆಯದೇ ಹೊರತು ಮೊದಲನೆಯದಲ್ಲ ಎಂಬುದಕ್ಕೆ ಆ ದೇಶಗಳ ಇತಿಹಾಸವೇ ಸಾಕ್ಷಿ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಸ್ಕ್ಯಾಂಡಿನೇವಿಯ ಎಂಬ ಹೆಸರು ಕಟ್ಟುನಿಟ್ಟಾಗಿ ಸಲ್ಲುವುದು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಎಂಬ ಮೂರು ದೇಶಗಳಿಗೆ ಮಾತ್ರ. ಫಿನ್‌ಲೆಂಡಿನ ಭಾಷೆ ಬೇರೆ, ಮೂಲ ಬೇರೆ. ಆದರೆ 1809ರವರೆಗೆ ಅದು ಸ್ವೀಡನ್ನಿನ ಆಳ್ವಿಕೆಯಲ್ಲಿದ್ದುದರಿಂದ ಒಲೆಯ ಮಟ್ಟಿಗೆ ಅವೆರಡೂ ನಂಟರು. ಈ ಲೇಖನದಲ್ಲಿ ಫಿನ್‌ಲೆಂಡನ್ನು ಬಿಟ್ಟರೆ ಹೇಳಬೇಕಾದ ಮುಖ್ಯ ಸಂಗತಿಯೇ ಬಿಟ್ಟುಹೋಗುತ್ತದೆ.

ಪ್ರಸಿದ್ಧವಾದ ಆ ಮಾಂಸದ ಉಂಡೆಯ ಕಥೆಯನ್ನು ಚುಟುಕಾಗಿ ಮುಗಿಸಬಹುದು. ಸ್ವೀಡನ್ನಿನ ರಾಜ 12ನೆಯ ಕಾರ್ಲ್ ಯುದ್ಧದಲ್ಲಿ ಸೋತು 1709ರಿಂದ ಕೆಲವು ವರ್ಷ ತುರ್ಕಿ ಸುಲ್ತಾನನ ಆಶ್ರಯದಲ್ಲಿದ್ದ. ಹಿಂದಿರುಗುವಾಗ ಉಂಡೆಯ ಪಾಕವನ್ನು ತಂದ ಎಂಬ ಮಾತುಂಟು. 2018ರಲ್ಲಿ ಸ್ವೀಡನ್ ದೇಶದ ಅಧಿಕೃತ ಪ್ರಚಾರ ಖಾತೆಯೇ ಈ ಮಾತನ್ನು ಸಾರಿದಾಗ ಅನೇಕ ಸ್ವೀಡಿಷರಿಗೆ ಕಸಿವಿಸಿಯಾಯಿತು. ಕೋಸಿನ ಎಲೆಯಲ್ಲಿ ಮಾಂಸವನ್ನು ಸುತ್ತಿ ಬೇಯಿಸುವ ಅಲ್ಲಿನ ಇನ್ನೊಂದು ಪ್ರಿಯವಾದ ಅಡಿಗೆಯ ಹೆಸರಿನಲ್ಲಿಯೇ ತುರ್ಕಿಯ ‘ದೋಲ್ಮಾ’ ಎಂಬ ಪದ ಇಂದಿಗೂ ಉಳಿದಿದೆ. ಪರದೇಶದಿಂದ ಬಂದುದು ನೂರು ವರ್ಷ ಮನೆಯಲ್ಲಿ ಬೆಂದರೆ ಮನೆಯದೇ ಆಗುತ್ತದೆ. ಮೆಣಸಿನಕಾಯಿಯಿಲ್ಲದೆ ಸಾರನ್ನೇ ಊಹಿಸಲಾರದ ಕನ್ನಡಿಗರು, ಆ ಕಾಯಿಯೂ ಸಮುದ್ರ ದಾಟಿ ಬಂದದ್ದೆಂಬುದನ್ನು ನೆನೆದರೆ, ಈ ವಿಷಯದಲ್ಲಿ ಸ್ವೀಡಿಷರನ್ನು ನೋಡಿ ನಗುವಂತಿಲ್ಲ.

ಇನ್ನು ವಾರದ ಅಡಿಗೆಗೆ ಬರೋಣ. ಅದರಲ್ಲಿ ಮೊದಲ ಸ್ಥಾನಕ್ಕೆ ಅರ್ಹವಾದುದು ಗುರುವಾರದ ಬಟಾಣಿ ಸಾರು. ಸ್ವೀಡಿಷರು ಇದನ್ನು ಆರ್ಟ್‌ಸೊಪ್ಪ ಎನ್ನುತ್ತಾರೆ. ಸ್ವೀಡನ್ನಿನಲ್ಲಿ ಹಳದಿ ಬಟಾಣಿ, ಫಿನ್‌ಲೆಂಡಿನಲ್ಲಿ ಹಸಿರು ಬಟಾಣಿ. ವಾರ ಮಾತ್ರ ಎರಡು ದೇಶಗಳಲ್ಲಿಯೂ ಗುರುವಾರವೇ. ಕ್ಯಾಥೊಲಿಕ್ ಧರ್ಮ ನಡೆಯುತ್ತಿದ್ದ ಕಾಲದಲ್ಲಿ ಶುಕ್ರವಾರ ಉಪವಾಸ. ಅದರ ಹಿಂದಿನ ದಿನ ಹೊಟ್ಟೆ ತುಂಬ ಉಣ್ಣುವ ವಾಡಿಕೆಯಿಂದ ಇದು ಬಂತೆಂದು ಹೇಳುತ್ತಾರೆ. ಧರ್ಮ ಸುಧಾರಣೆಯಾಗಿ ಸುಮಾರು ಐನೂರು ವರ್ಷವಾಯಿತು, ಉಪವಾಸ ಹೋಯಿತು, ಗುರುವಾರದ ಸಾರು ಉಳಿಯಿತು. ಸೈನ್ಯದಲ್ಲಿಯೂ ಅನೇಕ ಶಾಲೆಗಳಲ್ಲಿಯೂ ಅದೇ ಪದ್ಧತಿ. 1577ರಲ್ಲಿ ಸೆರೆಯಲ್ಲಿದ್ದ ರಾಜ 14ನೆಯ ಎರಿಕ್‌ನಿಗೆ ಬಟಾಣಿ ಸಾರಿನಲ್ಲಿಯೇ ವಿಷವಿಕ್ಕಿ ಕೊಂದರೆಂಬ ಐತಿಹ್ಯವೂ ಇದೆ. ಅರಸನೂ ಉಣ್ಣುತ್ತಿದ್ದ ಸಾರು ಅದು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ!

ಮಾಡುವ ಕ್ರಮ ಸುಲಭ. ಅರ್ಧ ಕಿಲೋ ಇಡೀ ಒಣಬಟಾಣಿಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಯಿಸಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಹೆಚ್ಚಿದ ಈರುಳ್ಳಿಯೊಡನೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆಯಾದರೂ ಬೇಯಿಸಬೇಕು. ಕುಕ್ಕರಿನಲ್ಲಿ ಬೇಗ ಆಗುತ್ತದೆ. ಕಾಳು ಒಡೆದು ಗಂಜಿಯ ಹದಕ್ಕೆ ಬರಬೇಕು. ಆದರೆ ಪೂರ್ತಿ ಕರಗಬಾರದು. ಅಲ್ಲಿ ಉಪ್ಪು ಹಚ್ಚಿದ ಹಂದಿಮಾಂಸವನ್ನು ಇದರೊಡನೆ ಬೇಯಿಸುತ್ತಾರೆ. ಅದನ್ನು ಬಿಟ್ಟರೆ ಸಾರು ಕೆಡುವುದಿಲ್ಲ, ಉಪ್ಪು ಮತ್ತು ಕೊಬ್ಬು ಎರಡೂ ಉಳಿತಾಯವಾಗುತ್ತವೆ. ಪರಿಮಳಕ್ಕೆ ಅವರು ಥೈಮ್ ಎಂಬ ಸೊಪ್ಪನ್ನು ಹಾಕುತ್ತಾರೆ. ಅದರ ವಾಸನೆಗೆ ಕಾರಣವಾದ ಥೈಮಾಲ್ ಎಂಬ ವಸ್ತುವೇ ಓಮದಲ್ಲಿಯೂ ಇರುವುದರಿಂದ ಕಾಲು ಚಮಚ ಓಮವನ್ನು ಕೈಯಲ್ಲಿ ಉಜ್ಜಿ ಹಾಕಿದರೆ ಸಾಕು. ವಾಯುವಿನ ಭಯವೂ ಕಡಮೆಯಾಗುತ್ತದೆ ಎಂದು ಮನೆಯ ಹಿರಿಯರು ಸಮಾಧಾನ ಪಡುತ್ತಾರೆ. ಬಡಿಸುವಾಗ ತಟ್ಟೆಯ ಅಂಚಿಗೆ ಅರೆದ ಸಾಸಿವೆಯನ್ನು ಇಟ್ಟುಕೊಂಡು, ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪ ಬೆರೆಸಿಕೊಳ್ಳುವುದು ಅಲ್ಲಿನ ರೂಢಿ. ಒಗ್ಗರಣೆ ಬೇಕಿಲ್ಲ, ತೆಂಗಿನಕಾಯಿ ಬೇಕಿಲ್ಲ, ಒಂದು ತೊಟ್ಟು ಎಣ್ಣೆಯೂ ಬೇಕಿಲ್ಲ. ಗುರುವಾರ ರಾಯರ ಮಠಕ್ಕೆ ಹೋಗುವ ಮನೆಗಳಲ್ಲಿ ಈರುಳ್ಳಿಯನ್ನು ಬಿಟ್ಟರೆ ಈ ಸಾರು ಅಲ್ಲಿಯೂ ನಡೆದೀತು.

ಈ ಸಾರಿನ ಹಿಂದೆಯೇ ಹಾಲು, ಮೊಟ್ಟೆ, ಹಿಟ್ಟಿನಿಂದ ಮಾಡಿದ ತೆಳ್ಳನೆಯ ದೋಸೆಯನ್ನು ಹಣ್ಣಿನ ಪಾಕದೊಡನೆ ತಿನ್ನುತ್ತಾರೆ. ಮಕ್ಕಳು ಸಾರನ್ನು ಮುಗಿಸುವುದೇ ಈ ದೋಸೆಯ ಆಸೆಗೆ. ವಾರಕ್ಕೊಮ್ಮೆ, ಅದೂ ಕಾಳಿನಿಂದ ಹೊಟ್ಟೆ ತುಂಬಿದ ಮೇಲೆ ಬರುವ ಸಿಹಿ ದಿನಕ್ಕೆರಡು ಬಾರಿ ಬಿಸ್ಕತ್ತಿನ ರೂಪದಲ್ಲಿ ಬರುವ ಸಿಹಿಯಂಥದಲ್ಲ.

ಸಾರಿನ ನಂತರ ಬ್ರೆಡ್ಡು. ಬ್ರೆಡ್ಡೆಂದರೆ ಕನ್ನಡಿಗರ ಮನಸ್ಸಿಗೆ ಬರುವುದು ಜ್ವರ ಬಂದವರು ತಿನ್ನುವ ಬಿಳಿಯ ಹಗುರವಾದ ಪದಾರ್ಥ. ಡೆನ್ಮಾರ್ಕಿನ ರುಗ್‌ಬ್ರೋಡ್ ಅದಕ್ಕೆ ತದ್ವಿರುದ್ಧ. ರೈ ಹಿಟ್ಟನ್ನೂ ಒಡೆದ ರೈ ಕಾಳನ್ನೂ ಹುಳಿಹಿಟ್ಟಿನೊಡನೆ ಕಲಸಿ, ಒಂದು ರಾತ್ರಿ ಬಿಟ್ಟು, ಇಟ್ಟಿಗೆಯಾಕಾರದ ತಗಡಿನ ಅಚ್ಚಿನಲ್ಲಿ ಸುಡುತ್ತಾರೆ. ಕಪ್ಪು ಬಣ್ಣ, ಇಟ್ಟಿಗೆಯಷ್ಟೇ ತೂಕ, ಹುಳಿ ರುಚಿ. ಗೋಧಿಯಂತೆ ರೈ ಉಬ್ಬುವುದಿಲ್ಲ. ಹುಳಿಯಿಲ್ಲದಿದ್ದರೆ ಒಳಗೆ ಅಂಟಂಟಾಗಿ ಉಳಿಯುತ್ತದೆ. ಆದುದರಿಂದ ಹುಳಿಯುವಿಕೆ ರುಚಿಗಾಗಿ ಮಾತ್ರವಲ್ಲ, ರೈ ಬ್ರೆಡ್ಡಿನ ರಚನೆಗೇ ಅಗತ್ಯ. ಇಡ್ಲಿ ದೋಸೆಗಳ ಹಿಟ್ಟನ್ನು ರಾತ್ರಿ ಹುಳಿಯಲು ಬಿಡುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಬ್ರೆಡ್ಡಿನ ತೆಳುವಾದ ಹೋಳಿನ ಮೇಲೆ ಬೇಯಿಸಿದ ಆಲೂಗೆಡ್ಡೆಯನ್ನೋ ಮೊಟ್ಟೆಯನ್ನೋ ಮೀನನ್ನೋ ಸೌತೆಕಾಯಿಯನ್ನೋ ಇಟ್ಟು, ಮೇಲೆ ಇನ್ನೊಂದು ಹೋಳನ್ನು ಮುಚ್ಚದೆ ತಿನ್ನುವುದೇ ಸ್ಮೋರೆಬ್ರೋಡ್. ಕಚೇರಿಗೆ ಹೋಗುವ ಡೇನರು ಅದನ್ನು ಇಂದಿಗೂ ಡಬ್ಬಿಯಲ್ಲಿಟ್ಟು ಒಯ್ಯುತ್ತಾರೆ.

ಈ ಕಪ್ಪು ಬ್ರೆಡ್ಡಿಗೆ ಸಂಬಂಧಿಸಿದ ಒಂದು ಘಟನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ ತಟಸ್ಥವಾಗಿತ್ತು. ಆದರೆ 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿ ನೌಕೆಗಳ ಹಾವಳಿಯಿಂದಲೂ ಮಿತ್ರರಾಷ್ಟ್ರಗಳ ದಿಗ್ಬಂಧನದಿಂದಲೂ ಹೊರಗಿನ ಧಾನ್ಯ ಬರುವುದು ನಿಂತಿತು. ದೇಶದಲ್ಲಿದ್ದ ಧಾನ್ಯವನ್ನು ಮನುಷ್ಯರಿಗೆ ಕೊಡಬೇಕೆ, ಹಂದಿಗಳಿಗೆ ಕೊಡಬೇಕೆ ಎಂಬ ಪ್ರಶ್ನೆ ಎದ್ದಾಗ, ಸರ್ಕಾರಕ್ಕೆ ಆಹಾರದ ವಿಷಯದಲ್ಲಿ ಸಲಹೆಗಾರನಾಗಿದ್ದ ಡಾಕ್ಟರ್ ಮಿಕೆಲ್ ಹಿಂಡ್‌ಹೇಡೆ ಎಂಬಾತ ಮನುಷ್ಯರಿಗೇ ಕೊಡಿ ಎಂದ. ಐದರಲ್ಲಿ ನಾಲ್ಕು ಪಾಲು ಹಂದಿಗಳನ್ನು ಕಡಿಯಲಾಯಿತು. ಅವುಗಳಿಗೆ ಹಾಕುತ್ತಿದ್ದ ಜವೆಗೋಧಿ, ತೌಡು, ಆಲೂಗೆಡ್ಡೆ ಜನರ ತಟ್ಟೆಗೆ ಬಂದವು. ತೌಡನ್ನು ಬೇರ್ಪಡಿಸದ ರೈ ಬ್ರೆಡ್ಡು, ಜವೆಗೋಧಿಯ ಗಂಜಿ, ಆಲೂಗೆಡ್ಡೆ, ಸೊಪ್ಪು ತರಕಾರಿ, ಹಾಲು, ಸ್ವಲ್ಪ ಬೆಣ್ಣೆ ಇದೇ ಒಂದು ವರ್ಷ ಕಾಲ ರಾಷ್ಟ್ರದ ಊಟವಾಯಿತು. ಮಾಂಸ ಬಡವರಿಗೆ ಸಿಗುವುದೇ ದುರ್ಲಭವಾಯಿತು.

ಫಲವೇನಾಯಿತು? 1917ರ ಅಕ್ಟೋಬರಿನಿಂದ 1918ರ ಅಕ್ಟೋಬರಿನವರೆಗಿನ ಅವಧಿಯಲ್ಲಿ ಕೋಪನ್‌ಹೇಗನ್ ನಗರದ ಮಧ್ಯವಯಸ್ಸಿನ ಪುರುಷರ ಮರಣ ಪ್ರಮಾಣ ಹಿಂದಿನ ವರ್ಷಗಳಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಯಿತೆಂದು ಹಿಂಡ್‌ಹೇಡೆ 1920ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಆದರೆ ಲೆಕ್ಕಪತ್ರ ನೋಡಬಲ್ಲವರು ಇಲ್ಲಿ ಸ್ವಲ್ಪ ತಡೆಯಬೇಕು. ಅದೇ 1917ರಲ್ಲಿ ಡೆನ್ಮಾರ್ಕಿನಲ್ಲಿ ಕಟು ಮದ್ಯದ ಮೇಲಿನ ತೆರಿಗೆಯನ್ನು ವಿಪರೀತವಾಗಿ ಏರಿಸಿದ್ದರಿಂದ ಅದರ ಬೆಲೆ ಹತ್ತು ಪಟ್ಟಿಗೂ ಮೀರಿತ್ತು, ಕುಡಿತ ಹಠಾತ್ತನೆ ಕುಗ್ಗಿತ್ತು. ಆದ್ದರಿಂದ ಜಮೆಯನ್ನೆಲ್ಲ ಕಪ್ಪು ಬ್ರೆಡ್ಡಿನ ಖಾತೆಗೇ ಬರೆಯುವುದು ನ್ಯಾಯವಲ್ಲ. ಅರ್ಧ ಭಾಗವನ್ನಾದರೂ ಮುಚ್ಚಿದ ಸೀಸೆಗಳ ಖಾತೆಗೆ ಬರೆಯಬೇಕಾದೀತು.

ಎರಡನೆಯ ಮಹಾಯುದ್ಧದ ಕಾಲದ ನಾರ್ವೆಯ ಲೆಕ್ಕ ಈ ಅನುಮಾನವನ್ನು ಸ್ವಲ್ಪ ಪರಿಹರಿಸುತ್ತದೆ. 1940ರಿಂದ 1945ರವರೆಗೆ ಜರ್ಮನರ ವಶದಲ್ಲಿದ್ದ ಆ ದೇಶದಲ್ಲಿ ಬೆಣ್ಣೆ, ಮಾಂಸ, ಮೊಟ್ಟೆಗಳಿಗೆ ಪಡಿತರ ಬಂತು. ಮೀನು, ಆಲೂಗೆಡ್ಡೆ, ಒರಟು ಹಿಟ್ಟು ಹೆಚ್ಚಾಯಿತು. ರಕ್ತಪರಿಚಲನೆಗೆ ಸಂಬಂಧಿಸಿದ ರೋಗಗಳಿಂದ ಸಾಯುವವರ ಸಂಖ್ಯೆ ಆ ವರ್ಷಗಳಲ್ಲಿ ಇಳಿಯಿತು. ಶಾಂತಿ ಬಂದು ಬೆಣ್ಣೆ ಮರಳಿದ ಮೇಲೆ ಮತ್ತೆ ಏರಿತು. 1951ರಲ್ಲಿ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ನಾರ್ವೆಯ ವೈದ್ಯರು ಪ್ರಕಟಿಸಿದರು. ಶತ್ರುವಿನ ಆಳ್ವಿಕೆಯಲ್ಲಿ ಜನ ಸುಖವಾಗಿದ್ದರೆಂದು ಯಾರೂ ಹೇಳುವುದಿಲ್ಲ. ಸುಖವಿಲ್ಲದಿದ್ದರೂ ಹೃದಯಗಳು ಬಾಳಿದುವೆಂಬುದು ಗಮನಿಸತಕ್ಕ ವಿಷಯ.

ಯುದ್ಧವಿಲ್ಲದೆ, ಬಲಾತ್ಕಾರವಿಲ್ಲದೆ, ಜನರೇ ಮನಸ್ಸು ಮಾಡಿ ಅಡಿಗೆಯನ್ನು ಬದಲಾಯಿಸಿಕೊಂಡ ಕಥೆ ಫಿನ್‌ಲೆಂಡಿನದು. ಅದರ ಪೂರ್ವದ ಗಡಿಯಲ್ಲಿರುವ ಉತ್ತರ ಕರೇಲಿಯ ಕಾಡು ಕೆರೆಗಳ, ಹೈನುಗಾರಿಕೆಯ ಪ್ರಾಂತ. ಮರ ಕಡಿಯುವ, ಹೊಲದಲ್ಲಿ ದುಡಿಯುವ ಗಟ್ಟಿ ಆಳುಗಳು. ಅಲ್ಲಿನ ಗಂಡಸರು ನಾಲ್ವತ್ತು ಐವತ್ತರ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ಕುಸಿಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಇಂಥ ಮರಣಗಳ ಪ್ರಮಾಣ ಪ್ರಪಂಚದಲ್ಲಿಯೇ ಅತ್ಯಧಿಕವಾಗಿದ್ದ ಕಡೆಗಳಲ್ಲಿ ಅದೊಂದಾಗಿತ್ತು. 1971ರಲ್ಲಿ ಪ್ರಾಂತದ ಪ್ರಮುಖರು ಸಹಿ ಹಾಕಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ, ಇನ್ನೂ ಮೂವತ್ತು ತುಂಬದ ವೈದ್ಯರ ಮುಂದಾಳುತನದಲ್ಲಿ ಕೆಲಸ ಆರಂಭವಾಯಿತು.

ಪುಸ್ಕಾ ಮತ್ತು ಸಂಗಡಿಗರು ಆಸ್ಪತ್ರೆ ಕಟ್ಟಲು ಹೊರಡಲಿಲ್ಲ, ಅಡಿಗೆಮನೆಗೆ ನುಗ್ಗಿದರು. ಆ ಕಾಲದಲ್ಲಿ ಅಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಬ್ರೆಡ್ಡಿಗೆ ದಪ್ಪವಾಗಿ ಬೆಣ್ಣೆ ಸವರುತ್ತಿದ್ದರು. ಹಾಲು ಕುಡಿದರೆ ಕೆನೆ ತೆಗೆಯದ ಹಾಲು. ತರಕಾರಿಯೆಂದರೆ ದನದ ಮೇವು ಎಂಬ ತಾತ್ಸಾರ. ಮನೆಯ ಹೆಂಗಸರನ್ನು ಒಲಿಸಿಕೊಳ್ಳದೆ ಇದು ಬದಲಾಗದೆಂದು ತಿಳಿದು, 1899ರಿಂದ ನಡೆದು ಬಂದಿದ್ದ ಮಾರ್ತಾ ಎಂಬ ಗೃಹಿಣಿಯರ ಸಂಘದ ನೆರವನ್ನು ಪಡೆದರು. ಹಳ್ಳಿಹಳ್ಳಿಗಳಲ್ಲಿ ‘ದೀರ್ಘಾಯುಷ್ಯದ ಸಂಜೆ’ ಎಂಬ ಹೆಸರಿನಲ್ಲಿ ಜನ ಸೇರುತ್ತಿದ್ದರು. ವೈದ್ಯರು ನಾಲ್ಕು ಮಾತು ಹೇಳುವಷ್ಟರಲ್ಲಿ ಹೆಂಗಸರು ಒಟ್ಟಾಗಿ ಅಡಿಗೆ ಮಾಡಿ ಬಡಿಸುತ್ತಿದ್ದರು. ಹೊಸ ದೇಶದ ಹೊಸ ಅಡಿಗೆಯಲ್ಲ. ಅದೇ ಹಳೆಯ ಕರೇಲಿಯದ ಮಾಂಸದ ಪಲ್ಯ, ಆದರೆ ಹಂದಿಮಾಂಸದ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಗಜ್ಜರಿ, ಆಲೂಗೆಡ್ಡೆ, ಟರ್ನಿಪ್ ಜಾತಿಯ ಗೆಡ್ಡೆ. ಉಪ್ಪು ಕಡಮೆ. ಉಂಡವರು ಚೆನ್ನಾಗಿದೆ ಎಂದರು. ಮಾಂಸದ ಸಾಸೇಜು ಮಾಡುವ ಕಾರ್ಖಾನೆಯವರೂ ಕೊಬ್ಬಿನ ಭಾಗವನ್ನು ತಗ್ಗಿಸಿ ಅಣಬೆಯನ್ನು ಸೇರಿಸಿದರು. ಬೆಣ್ಣೆ ಮಾರುತ್ತಿದ್ದ ರೈತರಲ್ಲಿ ಕೆಲವರು ಕಾಡುಹಣ್ಣಿನ ಬೇಸಾಯಕ್ಕೆ ತಿರುಗಿದರು. ಬೆಣ್ಣೆಯ ಬದಲು ಸಾಸಿವೆಯ ಕುಲದ ಗಿಡದಿಂದ ತೆಗೆದ ಎಣ್ಣೆ ಬಳಕೆಗೆ ಬಂತು.

1997ರ ಹೊತ್ತಿಗೆ ಬ್ರೆಡ್ಡಿಗೆ ಬೆಣ್ಣೆ ಸವರುವವರು ನೂರಕ್ಕೆ ಹತ್ತರ ಸುಮಾರಿಗೆ ಇಳಿದಿದ್ದರು. ದೇಶದಲ್ಲಿ ಉಪ್ಪಿನ ಸೇವನೆ 1970ರ ದಶಕದ ಕೊನೆಯಲ್ಲಿ ತಲೆಗೆ ದಿನಕ್ಕೆ ಸುಮಾರು 12 ಗ್ರಾಂ ಇದ್ದದ್ದು 2002ರ ವೇಳೆಗೆ 9 ಗ್ರಾಮಿಗಿಂತ ಕೆಳಗೆ ಬಂತು. ದುಡಿಯುವ ವಯಸ್ಸಿನ ಗಂಡಸರು ಹೃದಯದ ರಕ್ತನಾಳದ ರೋಗದಿಂದ ಸಾಯುವ ಪ್ರಮಾಣ ಉತ್ತರ ಕರೇಲಿಯದಲ್ಲಿ ನಾಲ್ಕು ದಶಕಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಕುಗ್ಗಿತು. ಇಲ್ಲಿಯೂ ಬೀಡಿ ಸಿಗರೇಟು ಬಿಟ್ಟವರ ಪಾಲು, ಹೊಸ ಔಷಧಗಳ ಪಾಲು ಇದ್ದೇ ಇದೆ. ಆದರೂ ಆರಂಭದ ವರ್ಷಗಳ ಇಳಿಕೆಯಲ್ಲಿ ರಕ್ತದ ಕೊಲೆಸ್ಟರಾಲ್ ಇಳಿದದ್ದೇ ದೊಡ್ಡ ಪಾಲೆಂಬುದನ್ನು ತಜ್ಞರು ಒಪ್ಪುತ್ತಾರೆ. ಕೊಲೆಸ್ಟರಾಲ್ ಇಳಿದದ್ದು ಮುಖ್ಯವಾಗಿ ಒಲೆಯ ಮುಂದೆ.

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. 2004ರಲ್ಲಿ ಪ್ರಕಟವಾದ, 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ಭಾರತವೂ ಸೇರಿದ ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯಮ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಆರು ವರ್ಷಗಳ ಈ ಅಂತರವೆಂದರೆ ಮಗಳ ಮದುವೆ, ಮನೆಯ ಸಾಲದ ಕೊನೆಯ ಕಂತುಗಳು, ನಿವೃತ್ತಿಯ ಮುಂಚಿನ ದುಡಿಮೆ ಇವೆಲ್ಲ ಇರುವ ವರ್ಷಗಳು.

ಓಟ್ಸ್ ಮತ್ತು ಜವೆಗೋಧಿಗಳ ಗಂಜಿಯ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. ಎರಡರಲ್ಲಿಯೂ ಬೀಟಾ ಗ್ಲೂಕನ್ ಎಂಬ ನಾರಿನ ಅಂಶವಿದೆ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಸೇರಿದರೆ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆಂಬುದು ಸಿದ್ಧವಾದ ವಿಷಯ. ಅದಕ್ಕೆ 70-80 ಗ್ರಾಂ ಓಟ್ಸ್ ಬೇಕು. ನಾರ್ವೆಯವರು ಅದನ್ನು ನೀರು ಅಥವಾ ಹಾಲಿನಲ್ಲಿ ಬೇಯಿಸಿ ಚಿಟಿಕೆ ಉಪ್ಪು ಹಾಕಿ ಉಣ್ಣುತ್ತಾರೆ. ಮಸಾಲೆ ಬೆರೆಸಿದ ಪೊಟ್ಟಣದ ಓಟ್ಸನ್ನು ಕೊಂಡು ಅದೇ ಫಲವನ್ನು ಎದುರು ನೋಡುವವರು ಪೊಟ್ಟಣದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಬರೆದ ಉಪ್ಪಿನ ಲೆಕ್ಕವನ್ನು ಓದುವುದು ಮೇಲು.

ಮಾಂಸಾಹಾರಿಗಳಿಗೆ ನಾರ್ವೆಯ ಫೋರಿಕೋಲ್ ಒಂದನ್ನು ಹೇಳಿದರೆ ಸಾಕು. 1972ರಲ್ಲಿ ಒಂದು ರೇಡಿಯೋ ಕಾರ್ಯಕ್ರಮದ ಶ್ರೋತೃಗಳು ಇದನ್ನು ರಾಷ್ಟ್ರೀಯ ಖಾದ್ಯವೆಂದು ಆರಿಸಿದರು. 2014ರಲ್ಲಿ ಮತ್ತೆ ಪ್ರಶ್ನೆ ಎದ್ದಾಗಲೂ ಇದೇ ಗೆದ್ದಿತು. ಸೆಪ್ಟೆಂಬರ್ ತಿಂಗಳ ಕೊನೆಯ ಗುರುವಾರ ಇದಕ್ಕೆಂದೇ ಮೀಸಲು. ಮೂಳೆಯ ಸಹಿತವಾದ ಕುರಿಮಾಂಸ ಎಷ್ಟೋ ಅಷ್ಟೇ ತೂಕದ ಕೋಸನ್ನು ದೊಡ್ಡ ಹೋಳುಗಳಾಗಿ ಕತ್ತರಿಸಿ, ಪಾತ್ರೆಯಲ್ಲಿ ಒಂದು ಪದರ ಮಾಂಸ ಒಂದು ಪದರ ಕೋಸು ಎಂದು ಜೋಡಿಸಿ, ನಡುವೆ ಇಡೀ ಕರಿಮೆಣಸಿನ ಕಾಳುಗಳನ್ನು ಚೆಲ್ಲಿ, ಸ್ವಲ್ಪ ಉಪ್ಪು, ಸ್ವಲ್ಪ ನೀರು ಹಾಕಿ ಎರಡೂವರೆ ಗಂಟೆ ಮುಚ್ಚಿ ಬೇಯಿಸುವುದು. ಅಷ್ಟೇ. ಒಂದೂವರೆ ಕಿಲೋ ಮಾಂಸಕ್ಕೆ ನಾಲ್ಕು ಚಮಚ ಮೆಣಸು! ಸಹ್ಯಾದ್ರಿಯ ಮಗ್ಗುಲಿನ ಈ ಕಾಳು ಹಿಮದ ನಾಡಿನ ರಾಷ್ಟ್ರೀಯ ಖಾದ್ಯದ ಜೀವವಾಗಿ ಕುಳಿತಿರುವುದು ಸೋಜಿಗ. ಬೆಂದ ಮೇಲೆ ಆರಲು ಬಿಟ್ಟರೆ ಕೊಬ್ಬು ಮೇಲೆ ಗಟ್ಟಿಯಾಗಿ ಕೂಡುತ್ತದೆ. ಅದನ್ನು ಚಮಚದಿಂದ ತೆಗೆದುಬಿಟ್ಟು ಮತ್ತೆ ಬಿಸಿ ಮಾಡಿದರೆ ರುಚಿಯೂ ಹೆಚ್ಚು, ಹಿತವೂ ಹೆಚ್ಚು.

ಮೀನಿನ ವಿಷಯದಲ್ಲಿ ಕರಾವಳಿಯ ಮೂಲದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸ್ಕ್ಯಾಂಡಿನೇವಿಯದ ಬಡವರ ಮೀನಾದ ಹೆರಿಂಗ್, ದಕ್ಷಿಣ ಕನ್ನಡದ ಭೂತಾಯಿಯ ಕುಲಕ್ಕೇ ಸೇರಿದ್ದು. ಮುಂಬಯಿಯವರು ತಾರ್ಲಿ ಎನ್ನುವ, ಚೆನ್ನೈಯವರು ಮತ್ತಿ ಎನ್ನುವ ಮೀನೂ ಅದೇ ಭೂತಾಯಿ. ಹೃದಯಕ್ಕೆ ಹಿತವಾದ ಒಮೇಗಾ-3 ಎಂಬ ಕೊಬ್ಬು ಎರಡರಲ್ಲಿಯೂ ಯಥೇಚ್ಛ. ಸ್ವೀಡಿಷರು ಮುಳ್ಳು ತೆಗೆದ ಮೀನನ್ನು ರೈ ಹಿಟ್ಟಿನಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದು, ಅರೆದ ಆಲೂಗೆಡ್ಡೆಯೊಡನೆ ತಿನ್ನುತ್ತಾರೆ. ರೈ ಹಿಟ್ಟು ಸಿಕ್ಕದ ಕಡೆ ರಾಗಿ ಹಿಟ್ಟು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹುಳಿಯಲ್ಲಿ ಹಾಕಿದ ಹೆರಿಂಗ್ ಮಾತ್ರ ಬೇರೆ ಮಾತು. ಒಂದು ಪಾಲು ಹುಳಿ, ಎರಡು ಪಾಲು ಸಕ್ಕರೆ, ಮೂರು ಪಾಲು ನೀರು ಎಂಬ ಅವರ ಸೂತ್ರ ಶೇಕಡಾ 12ರ ಕಟುವಾದ ಹುಳಿಗೆ ಹೇಳಿದ್ದು. ಇಲ್ಲಿನ ಅಂಗಡಿಯ ವಿನಿಗರ್ ಅದರ ಅರ್ಧಕ್ಕಿಂತಲೂ ಮೃದು. ಸೂತ್ರವನ್ನು ಹಾಗೆಯೇ ಅನುಸರಿಸಿದರೆ ಮೀನು ಕೆಡುವುದು ಖಂಡಿತ. ಉಪ್ಪು ಸಕ್ಕರೆಗಳಲ್ಲಿ ಹಸಿ ಸಾಲ್ಮನ್ ಮೀನನ್ನು ಇಟ್ಟು ಮಾಡುವ ಗ್ರಾವ್‌ಲಾಕ್ಸ್ ಅನ್ನಂತೂ ಮನೆಯಲ್ಲಿ ಪ್ರಯತ್ನಿಸಲೇಬಾರದು. ಹಸಿಯಾಗಿ ತಿನ್ನುವ ಮೀನನ್ನು ಮೊದಲು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ದಿನವಾದರೂ ಹೆಪ್ಪುಗಟ್ಟಿಸಬೇಕೆಂಬುದು ಯೂರೋಪಿನ ನಿಯಮ. ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ಕರೆಂಟು ಹೋಗುವ ಬಡಾವಣೆಗಳಲ್ಲಿ ಇದನ್ನು ಪಾಲಿಸುವ ಬಗೆ ಯಾವುದು? ಗರ್ಭಿಣಿಯರೂ ವೃದ್ಧರೂ ಇದನ್ನು ಹೋಟೆಲಿನಲ್ಲಿಯೂ ಮುಟ್ಟದಿರುವುದೇ ಲೇಸು.

ಇನ್ನು ಹಬ್ಬದ ಅಡಿಗೆ. ಅದನ್ನು ಬೇಡವೆನ್ನುವವರು ಮನುಷ್ಯಸ್ವಭಾವವನ್ನು ಅರಿಯದವರು. ಏಲಕ್ಕಿ ಹಾಕಿದ ಬನ್ನಿನ ಒಳಗನ್ನು ತೆಗೆದು ಬಾದಾಮಿಯ ಪಾಕವನ್ನೂ ಕೆನೆಯನ್ನೂ ತುಂಬುವ ಸೆಮ್ಲಾ ಎಂಬ ಭಕ್ಷ್ಯ ಕ್ರೈಸ್ತರ ದೊಡ್ಡ ಉಪವಾಸದ ಹಿಂದಿನ ದಿನಕ್ಕೆ ಮೀಸಲಾಗಿತ್ತು. 1771ರ ಫೆಬ್ರವರಿ 12ರಂದು ರಾಜ ಅಡಾಲ್ಫ್ ಫ್ರೆಡ್ರಿಕ್ ಭಾರಿ ಭೋಜನದ ಮೇಲೆ ಇಂಥ 14 ಬನ್ನುಗಳನ್ನು ತಿಂದು ಅದೇ ದಿನ ತೀರಿಕೊಂಡನೆಂದು ಹೇಳುತ್ತಾರೆ. ಇಂದು ಅದೇ ಬನ್ನು ಕ್ರಿಸ್‌ಮಸ್ ಕಳೆಯುತ್ತಲೇ ಅಂಗಡಿಗೆ ಬಂದು ವಾರಗಟ್ಟಲೆ ನಿಲ್ಲುತ್ತದೆ. ಹಬ್ಬ ವಾರಕ್ಕೆ ಇಳಿದು ಬಂದರೆ ಆಗುವುದು ಹೀಗೆಯೇ. ಆ ಏಲಕ್ಕಿಯ ತೌರು ಪಶ್ಚಿಮ ಘಟ್ಟವಾದರೂ ಇಂದು ಪ್ರಪಂಚಕ್ಕೆ ಅತಿ ಹೆಚ್ಚು ಏಲಕ್ಕಿ ಕಳಿಸುವ ದೇಶ ಗ್ವಾಟೆಮಾಲ ಎಂಬುದು ಕೊಡಗು ಸಕಲೇಶಪುರಗಳ ಕಡೆಯವರಿಗೆ ಅಷ್ಟೇನೂ ಹಿತವಾದ ಸುದ್ದಿಯಲ್ಲ. ಅಕ್ಕಿಯ ಪಾಯಸವೂ ಹಾಗೆಯೇ: ಅಲ್ಲಿ ಅಕ್ಕಿ ಹಡಗಿನಲ್ಲಿ ಬರಬೇಕಾಗಿದ್ದುದರಿಂದ ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿನ ದಿನ, ಒಂದೇ ಒಂದು ಬಾದಾಮಿಯನ್ನು ಬಚ್ಚಿಟ್ಟು ಬಡಿಸುವ ಪದಾರ್ಥವಾಗಿತ್ತು. ರಾಗಿ ಜೋಳಗಳ ಸೀಮೆಯ ಹಳೆಯ ಮನೆಗಳಲ್ಲಿಯೂ ಬಿಳಿಯ ಅನ್ನ ಹಬ್ಬಕ್ಕೆ ಬರುತ್ತಿದ್ದ ಕಾಲವೊಂದಿತ್ತು.

ವಲಸೆ ಹೋದವರು ಊರಿನ ಅಡಿಗೆಯಲ್ಲಿ ಏನನ್ನು ಜೊತೆಗೊಯ್ಯುತ್ತಾರೆ, ಏನನ್ನು ಬಿಡುತ್ತಾರೆ ಎಂಬುದಕ್ಕೂ ಸ್ಕ್ಯಾಂಡಿನೇವಿಯವೇ ಉದಾಹರಣೆ. 19ನೆಯ ಶತಮಾನದ ನಡುವಿನಿಂದ 20ನೆಯ ಶತಮಾನದ ಆರಂಭದವರೆಗೆ ಹತ್ತು ಲಕ್ಷಕ್ಕೂ ಮೀರಿ ಸ್ವೀಡಿಷರು, ಎಂಟು ಲಕ್ಷದಷ್ಟು ನಾರ್ವೆಯವರು ಅಮೆರಿಕಕ್ಕೆ ಹೋದರು. ಮಿನಸೋಟ ಸೀಮೆಯಲ್ಲಿ ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಚಳಿಗಾಲದಲ್ಲಿ ಚರ್ಚುಗಳಲ್ಲಿ ಸೇರಿ ಲೂಟೆಫಿಸ್ಕ್ ಎಂಬ ಖಾದ್ಯವನ್ನು ಬೆಣ್ಣೆ ಸುರಿದುಕೊಂಡು ಉಣ್ಣುತ್ತಾರೆ. ಒಣಮೀನನ್ನು ಕ್ಷಾರದ ನೀರಿನಲ್ಲಿ ನೆನೆಯಿಸಿ ಮಾಡಿದ, ಅಪರಿಚಿತರಿಗೆ ಮೂಗು ಮುಚ್ಚಿಸುವ ಪದಾರ್ಥವದು. ವಾರದ ಬಟಾಣಿ, ವಾರದ ಜವೆಗೋಧಿ, ವಾರದ ಒರಟು ಬ್ರೆಡ್ಡು ಮಾತ್ರ ಅವರ ಮನೆಗಳಿಂದ ಸದ್ದಿಲ್ಲದೆ ಮರೆಯಾದುವು. ಅವುಗಳ ಜಾಗಕ್ಕೆ ಅಮೆರಿಕದ ಬಿಳಿ ಬ್ರೆಡ್ಡು ಬಂತು. ವರ್ಷಕ್ಕೊಮ್ಮೆ ಉಣ್ಣುವುದು ಅಭಿಮಾನವಾಗಿ ಉಳಿಯಿತು, ದಿನವೂ ಉಣ್ಣುತ್ತಿದ್ದುದು ಹೋಯಿತು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಸಂಘಗಳ ರಾಜ್ಯೋತ್ಸವದ ಊಟವನ್ನು ನೆನೆಸಿಕೊಂಡರೆ ಈ ಮಾತು ಯಾರಿಗೆ ಅನ್ವಯಿಸುತ್ತದೆಂದು ಹೇಳಬೇಕಾಗಿಲ್ಲ. ಹೋಳಿಗೆ, ಬಿಸಿಬೇಳೆ ಬಾತು, ಮೈಸೂರು ಪಾಕು ತಪ್ಪದೆ ಬರುತ್ತವೆ. ಮುದ್ದೆ, ಜೋಳದ ರೊಟ್ಟಿ, ಹುರುಳಿ ಸಾರು, ಬಸ್ಸಾರು ಬರುವುದು ಅಪರೂಪ, ಬಂದರೂ ‘ವಿಶೇಷ’ವೆಂಬ ಪಟ್ಟಿಯಲ್ಲಿ. ಆದುದರಿಂದ ಸ್ಕ್ಯಾಂಡಿನೇವಿಯದ ಅಡಿಗೆ ಮಾಡಿ ನೋಡುವ ಆಸೆಯುಳ್ಳವರು ಬನ್ನಿನಿಂದ ಆರಂಭಿಸದೆ ಬಟಾಣಿಯಿಂದ ಆರಂಭಿಸುವುದು ಯುಕ್ತ. ಸಂಘಗಳ ಮಹಿಳಾ ವಿಭಾಗಗಳು ಕರೇಲಿಯದ ಮಾರ್ತಾ ಸಂಘದ ಮಾದರಿಯಲ್ಲಿ ವರ್ಷಕ್ಕೆ ನಾಲ್ಕು ಸಂಜೆಗಳನ್ನು ಇದಕ್ಕೆ ಮೀಸಲಿಡಬಹುದು. ಒಂದು ಸಂಜೆ ಗುರುವಾರದ ಸಾರಿನೊಡನೆ ರಾಗಿ ರೊಟ್ಟಿ. ಇನ್ನೊಂದು ಸಂಜೆ ಎಣ್ಣೆಯಿಲ್ಲದ ಕೋಸಿನ ಅಡಿಗೆ. ಮತ್ತೊಂದು ಸಂಜೆ ಭೂತಾಯಿ. ಸದಸ್ಯರಲ್ಲಿ ಒಬ್ಬರು ವೈದ್ಯರಿದ್ದರೆ ರಕ್ತದೊತ್ತಡ ನೋಡಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಬಟಾಣಿ ಆಲೂಗೆಡ್ಡೆಗಳನ್ನು ಎಷ್ಟು ತಿನ್ನಬಹುದೆಂದು ಅವರನ್ನೇ ಕೇಳಬಹುದು. ಅಡಿಗೆಗೆ ಹಾಕುವ ಉಪ್ಪನ್ನು ಕೈಯಳತೆಯಲ್ಲಿ ಹಾಕದೆ ಎಲ್ಲರೆದುರು ತಕ್ಕಡಿಯಲ್ಲಿ ತೂಗಿ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ತಲೆಗೆ 5 ಗ್ರಾಮಿಗಿಂತ ಕಡಮೆ ಎನ್ನುತ್ತದೆ. ಅದು ಮಟ್ಟಸವಾದ ಒಂದೇ ಒಂದು ಟೀ ಚಮಚ. ಅದರಲ್ಲಿ ಉಪ್ಪಿನಕಾಯಿಯದೂ ಹಪ್ಪಳದ್ದೂ ಸೇರಿತು.